ಸೌದೆಯೊಳಗಣ ನೀರು

ತೂಕದಿಂದ ಮಾರುವ ವಸ್ತುಗಳಲ್ಲಿ ಸೌದೆಯಷ್ಟು ಸುಲಭವಾಗಿ ಮೋಸಕ್ಕೆ ಒಗ್ಗುವ ವಸ್ತು ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಅಕ್ಕಿಯಲ್ಲಿ ಕಲ್ಲು ಬೆರೆಸಿದರೆ ಕಣ್ಣಿಗೆ ಬೀಳುತ್ತದೆ. ಹಾಲಿಗೆ ನೀರು ಬೆರೆಸಿದರೆ ನಾಲಗೆ ಹೇಳುತ್ತದೆ. ಸೌದೆಗಾದರೋ ಪ್ರಕೃತಿಯೇ ನೀರು ಬೆರೆಸಿಟ್ಟಿರುತ್ತದೆ. ಮಾರುವವನು ಸುಮ್ಮನಿದ್ದರೆ ಸಾಕು. ಮಡಕಶಿರಾ ಸೀಮೆಯ ನಮ್ಮ ಹಳ್ಳಿಯಲ್ಲಿ ಹಾಗೆ ಸುಮ್ಮನಿರಲೊಲ್ಲದೆ ಸೌದೆ ಡಿಪೋ ನಡೆಸುತ್ತಿರುವ ದಂಪತಿಗಳ ಸಂಗತಿ ಇದು. ಆತ ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿ ಶೇಕಡಾ ಲೆಕ್ಕಕ್ಕೆ ಅವನಿಗೆ ಸೊನ್ನೆ ಕೊಟ್ಟವನು ನಾನೇ ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ನಮ್ಮ ಕಡೆ ಸೌದೆಯೆಂದರೆ ಬಳ್ಳಾರಿ ಜಾಲಿ. ತೆಲುಗಿನವರ ಬಾಯಲ್ಲಿ ಸರ್ಕಾರು ತುಮ್ಮ. ಅಮೆರಿಕ ಖಂಡದ ಈ ಗಿಡದ ಬೀಜವನ್ನು 1877ರ ಸುಮಾರಿಗೆ ಜಮೈಕಾದಿಂದ ತರಿಸಿ ಕಡಪ ಸೀಮೆಯಲ್ಲಿ ಬೆಳೆಸಿದರು. ಸೌದೆಯ ಬರ ನೀಗಲೆಂದು ಬಂದದ್ದು ಕೆರೆಯಂಗಳ, ಗೋಮಾಳ, ಬೀಳು ಹೊಲಗಳನ್ನೆಲ್ಲ ಆಕ್ರಮಿಸಿಕೊಂಡಿತು. ಕಡಿದಷ್ಟೂ ಬುಡದಿಂದ ಚಿಗುರುವ ಈ ಗುಣ ರೈತನಿಗೆ ಶಾಪ, ಸೌದೆಯವನಿಗೆ ವರ. ಹೊಲ ಹಸನು ಮಾಡಿಕೊಳ್ಳಬೇಕೆಂಬ ರೈತರ ಜಾಲಿಯನ್ನು ಈತ ಕಡಿದುಕೊಡುತ್ತಾನೆ. ಕೂಲಿಯ ಬದಲು ಕಟ್ಟಿಗೆ ಅವನದು. ಬೇವು, ಹುಣಿಸೆಗಳ ಗೊಡವೆಗೆ ಹೋಗುವುದಿಲ್ಲ. 'ವಾಲ್ಟಾ' ಎಂದು ಕರೆಯುವ 2002ರ ಆಂಧ್ರದ ಕಾಯಿದೆಯ ಭಯವೂ ಉಂಟು, ಹಿರಿಯರು ನೆಟ್ಟ ಮರವೆಂಬ ಸಂಕೋಚವೂ ಉಂಟು.

ಮೊದಲೆರಡು ವರ್ಷ ಎಲ್ಲರಂತೆ ಆತನೂ ಕಡಿದ ವಾರದಲ್ಲೇ ತೂಗಿ ಮಾರುತ್ತಿದ್ದ. ಜಾಲಿ ಹಸಿಯಾಗಿದ್ದರೂ ಉರಿಯುತ್ತದೆಂಬ ಖ್ಯಾತಿ ಇದೆಯಲ್ಲ! ಒಂದು ಮಳೆಗಾಲದಲ್ಲಿ ಪಕ್ಕದ ಊರಿನ ಮದುವೆಗೆ ಹೀಗೆಯೇ ಒಂದು ಟ್ರ್ಯಾಕ್ಟರ್ ಸೌದೆ ಹೋಯಿತು. ಒಲೆ ಉರಿಯಲಿಲ್ಲವೆಂದಲ್ಲ, ಉರಿಗಿಂತ ಹೊಗೆಯೇ ಹೆಚ್ಚಾಯಿತು. ಅಡುಗೆಯವರು ಕಣ್ಣೊರೆಸಿಕೊಳ್ಳುತ್ತ ಊದಿದರು, ಸೀಮೆಎಣ್ಣೆ ಸುರಿದರು. ಮುಹೂರ್ತ ಮುಗಿದು ಎರಡು ಗಂಟೆಯಾದರೂ ಅನ್ನವಾಗಲಿಲ್ಲ. ದೂರದಿಂದ ಬಂದ ಬೀಗರಲ್ಲಿ ಕೆಲವರು ಉಣ್ಣದೆ ಬಸ್ಸು ಹತ್ತಿದರು. ಮರುದಿನ ಹೆಣ್ಣಿನ ತಂದೆ ಡಿಪೋಗೆ ಬಂದು, ಬೈಯಲೂ ಇಲ್ಲ, ಚೌಕಾಸಿಯನ್ನೂ ಮಾಡಲಿಲ್ಲ. ಹಣವನ್ನು ಪೂರ್ತಿ ಎಣಿಸಿಟ್ಟು ಹೊರಟುಹೋದರು. "ಆ ಯಜಮಾನರು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಮೇಷ್ಟ್ರೇ" ಎಂದು ಆತ ನನ್ನ ಬಳಿ ಹೇಳಿದ್ದುಂಟು.

ಅಂದಿನಿಂದ ಒಣಗಿಸದೆ ಮಾರುವುದಿಲ್ಲವೆಂದು ಗಂಡಹೆಂಡಿರು ನಿಶ್ಚಯಿಸಿದರು. ಒಣಗಿಸುವುದೆಂದರೆ ಬಿಸಿಲಿಗೆ ರಾಶಿ ಹಾಕುವುದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಜಾಲಿಯನ್ನು ಹಸಿಯಿದ್ದಾಗಲೇ ಅಳತೆಗೆ ಕೊಯ್ದು ಸೀಳಬೇಕು; ಒಣಗಿದ ಮೇಲೆ ಅದು ಕೊಡಲಿಗೆ ಬಗ್ಗುವುದಿಲ್ಲ. ತೊಗಟೆ ನೀರನ್ನು ಹೊರಗೆ ಬಿಡದು; ಆದ್ದರಿಂದ ಸೀಳಿದ ಮೈ ಗಾಳಿಗೆ ತೆರೆದಿರಬೇಕು. ನೆಲದ ತೇವ ತಗಲದಂತೆ ಕಲ್ಲುಚಪ್ಪಡಿಯ ಮೇಲೆ ಅಡ್ಡಲಾಗಿಯೂ ಉದ್ದಲಾಗಿಯೂ ಒಟ್ಟಬೇಕು. ಬಿಸಿಲಿಗಿಂತ ಗಾಳಿಯೇ ಮುಖ್ಯ. ನಮ್ಮ ಸೀಮೆಗೆ ಆಷಾಢದಲ್ಲಿ ಮಳೆ ಕಡಿಮೆ, ಗಾಳಿ ಜೋರು. ರೈತ ಹಳಿಯುವ ಆ ಗಾಳಿ ಇವನಿಗೆ ಪುಕ್ಕಟೆ ಆಳು. ಮುಖ್ಯ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ; ಅಷ್ಟರೊಳಗೆ ಮೇಲೆ ತಗಡು ಬೀಳಬೇಕು. ಒಣಗಿದ್ದಕ್ಕೆ ಗುರುತೂ ಉಂಟು: ತುದಿಗಳು ಬಿರುಕು ಬಿಟ್ಟಿರುತ್ತವೆ, ತೊಗಟೆ ಸಡಿಲವಾಗಿರುತ್ತದೆ, ಎರಡು ತುಂಡು ತಾಡಿಸಿದರೆ ಹಸಿಯದರಂತೆ ಮಂಕಾಗಿ ನುಡಿಯದೆ ಟಣ್ಣೆನ್ನುತ್ತವೆ. ಜಾಲಿಯ ಮುಳ್ಳಿನ ಕತೆಯನ್ನು ನಾನು ಹೇಳಬೇಕಾದ್ದಿಲ್ಲ. ಪಾದಕ್ಕೆ ನಾಟಿದ ಒಂದು ಮುಳ್ಳು ಕೀವಾಗಿ ಆತ ಇಪ್ಪತ್ತು ದಿನ ಮಲಗಿದ ಮೇಲೆ, ಆಳುಗಳಿಗೂ ದಪ್ಪ ಬೂಟು, ಕನ್ನಡಕವಿಲ್ಲದೆ ಆಕೆ ಮಚ್ಚು ಮುಟ್ಟಗೊಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಲೆಕ್ಕ ನೋಡಿದರೆ ನಷ್ಟ. ಆಗ ನನ್ನಲ್ಲಿಗೆ ಬಂದರು.

ನಾವು ಹೀಗೆ ಮಾಡಿದೆವು: 100 ಕಿಲೋ ಹಸಿ ಸೌದೆಗೆ ಸುಣ್ಣದ ಗುರುತು ಹಾಕಿ ಬೇರೆಯಾಗಿ ಒಟ್ಟಿದೆವು. ಮೂರು ತಿಂಗಳ ಮೇಲೆ ಅದು 71 ಕಿಲೋ ತೂಗಿತು. ಕಿಲೋಗೆ 5 ರೂಪಾಯಿಯಂತೆ ಹಸಿಯದಾದರೆ 500 ರೂಪಾಯಿ. ಅದನ್ನೇ ಒಣಗಿಸಿದರೆ 355. ಮೂಲದ ಹಣ ಹುಟ್ಟಬೇಕಾದರೂ 7 ರೂಪಾಯಿಗೆ ಮಾರಬೇಕು. ಕೊಳ್ಳುವವನು 5 ರೂಪಾಯಿಯ ಡಿಪೋಗೆ ಹೋಗದೆ ಇಲ್ಲಿಗೇಕೆ ಬಂದಾನು?

ಇಲ್ಲಿ ಕೊಳ್ಳುವವನ ಕಡೆಯ ಲೆಕ್ಕವನ್ನೂ ಮಾಡಬೇಕಾಯಿತು. ತೇವವಿಲ್ಲದ ಕಟ್ಟಿಗೆ ಕಿಲೋಗೆ ಸುಮಾರು 4,500 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ಅದರೊಳಗಿನ ನೀರು ಆವಿಯಾಗುವಾಗ ಪ್ರತಿ ಕಿಲೋಗೆ ಸುಮಾರು 600 ಕಿಲೋಕ್ಯಾಲೊರಿಯನ್ನು ತಾನೇ ಕುಡಿದುಬಿಡುತ್ತದೆ. ನೂರರಲ್ಲಿ 40 ಪಾಲು ನೀರಿರುವ ಹಸಿ ಸೌದೆಯಿಂದ ಕಿಲೋಗೆ 2,460 ಮಾತ್ರ ದಕ್ಕುತ್ತದೆ. 15 ಪಾಲು ಉಳಿದ ಒಣ ಸೌದೆಯಿಂದ 3,700ಕ್ಕೂ ಮೇಲೆ. ಎಂದರೆ 100 ಕಿಲೋ ಒಣ ಸೌದೆಯ ಕೆಲಸಕ್ಕೆ ಹಸಿಯದು 150 ಕಿಲೋ ಬೇಕು. ಅದಕ್ಕೆ 750 ರೂಪಾಯಿ, ಇದಕ್ಕೆ 700. ಒಲೆಗೆ ಆಗುವ ಹೊಗೆ, ಮಸಿ, ಮನುಷ್ಯನ ಕೆಮ್ಮು ಈ ಲೆಕ್ಕಕ್ಕೆ ಸೇರಿಲ್ಲ.

ಹಲಗೆಯ ಮೇಲೆ ಸೊಗಸಾಗಿ ಕಂಡ ಈ ಲೆಕ್ಕಕ್ಕೆ ಗಿರಾಕಿಗಳು ಮಾತ್ರ ಮರುಳಾಗಲಿಲ್ಲ. ಖಾಯಮ್ಮಿನವರಲ್ಲಿ ಮೂವರು ಹೊರಟೇಹೋದರು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಮನೆಯ ಅಡುಗೆಗೆ ಅನಿಲ ಬಂದಿತ್ತು; ಮನೆಗಳಲ್ಲಿ ಉಳಿದದ್ದು ಹಂಡೆಯ ಒಲೆ ಮಾತ್ರ. ಆದ್ದರಿಂದ ದೊಡ್ಡ ಗಿರಾಕಿಯೆಂದರೆ ಹಿಂದೂಪುರದ ಕಡೆ ಗೂಡು ಬೇಯಿಸಿ ರೇಷ್ಮೆ ತೆಗೆಯುವವರು. ಅವರಲ್ಲೊಬ್ಬರಿಗೆ ಈತ, "ಎರಡು ದಿನ ನಿಮ್ಮ ಸೌದೆ, ಎರಡು ದಿನ ನನ್ನದು, ತೂಗಿ ನೋಡಿ ಸ್ವಾಮಿ" ಎಂದು ಸವಾಲು ಹಾಕಿದ. ಅಷ್ಟೇ ಗೂಡಿಗೆ ಸೌದೆ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ಆದರೂ ವ್ಯಾಪಾರಿ ವ್ಯಾಪಾರಿಯೇ ತಾನೆ! ಆರೂವರೆಗಿಂತ ಒಂದು ಪೈಸೆ ಏರಲಿಲ್ಲ.

ಆರೂವರೆಗೆ ಒಪ್ಪಿದರೆ ಪ್ರತಿ 100 ಕಿಲೋ ಹಸಿ ಸೌದೆಗೆ 38 ರೂಪಾಯಿ 50 ಪೈಸೆ ಕೈಬಿಡುತ್ತದೆ. ಒಪ್ಪಬೇಡವೆಂದು ನಾನು ಹೇಳಿದೆ, ಅವರು ಒಪ್ಪಿದರು. ಈಗ ಕಂಡುಬರುವಂತೆ ನನ್ನ ಲೆಕ್ಕ ಸರಿ, ಸಲಹೆ ತಪ್ಪು. ಹಗುರವಾದ ಸೌದೆಯಾದುದರಿಂದ ಲಗೇಜ್ ಆಟೋದ ಒಂದೊಂದು ಬಾಡಿಗೆಯಲ್ಲಿ ಶಾಖ ಹೆಚ್ಚು ಸಾಗುತ್ತದೆ. ಬರಿದಾಗಿ ಮರಳುತ್ತಿದ್ದ ಗಾಡಿಯಲ್ಲಿ ಊರಿನವರಿಗೆ ಹಿಂಡಿ, ಬೂಸಾ ತರುತ್ತಾನೆ. ಕೊರತೆಯ ಬಹುಪಾಲು ಅಲ್ಲಿಯೇ ತುಂಬಿಕೊಳ್ಳುತ್ತದೆ. ಒಲೆಗೆ ತಕ್ಕ ಅಳತೆಯಲ್ಲಿ ಕೊಯ್ದುಕೊಡುವುದಕ್ಕೆ ಬೇರೆ ಕೂಲಿಯನ್ನೂ ಪಡೆಯುತ್ತಾನೆ. ಇದೊಂದೂ ಪಠ್ಯಪುಸ್ತಕದಲ್ಲಿ ನನಗೆ ಸಿಕ್ಕಿರಲಿಲ್ಲ.

ಹಿಂದೂಪುರಕ್ಕೆ ಕೊಡುವ ಚೀಟಿ ತೆಲುಗಿನಲ್ಲಿ. ಮನೆಯ ಲೆಕ್ಕದ ಪುಸ್ತಕ ಮಾತ್ರ ಆಕೆಯ ದುಂಡನೆಯ ಕನ್ನಡದಲ್ಲಿ. ಕಳೆದ ತಿಂಗಳು ಅದನ್ನು ತಿರುವುತ್ತಿದ್ದೆ. ಡೀಸೆಲ್, ಆಳು, ಗರಗಸದ ಸರಪಳಿ ಎಂಬ ಖರ್ಚುಗಳ ಕೆಳಗೆ ಪ್ರತಿ ವಾರವೂ 'ನೀರು' ಎಂದೊಂದು ಬಾಬತ್ತು. ಕುಡಿಯುವ ನೀರಿಗೆ ಇಷ್ಟೇಕಮ್ಮಾ ಎಂದು ಕೇಳಿದೆ. ಒಣಗುವಾಗ ಹೋದ ತೂಕವದು ಎಂದಳು.

ಮದುವೆಗಳಿಗೆ ಈಗಲೂ ಸೌದೆ ಕಳುಹಿಸುತ್ತಾರೆ. ಹಿಂದಿನ ದಿನವೇ ಹೋಗಿ ಒಂದು ಒಲೆ ಹೊತ್ತಿಸಿ ನೋಡಿ ಬರುವುದು ಆತನ ಪದ್ಧತಿ. ಹೆಣ್ಣಿನ ತಂದೆಯ ಆ ಊರಿನಿಂದ ಮಾತ್ರ ಇನ್ನೂ ಯಾರೂ ಕೇಳಿ ಬಂದಿಲ್ಲ. ಈ ಸಲ ಹಿಂಗಾರು ಹಿಡಿಯುವ ಮೊದಲು ಇನ್ನೆರಡು ಅಂಕಣ ತಗಡು ಹೊದಿಸಬೇಕೆಂದು ಓಡಾಡುತ್ತಿದ್ದಾನೆ.