ಡಿಸ್ಕಿನ ರಿಜಿಸ್ಟರು ಕೆಟ್ಟಾಗ

ಊರಿನ ಫೋಟೋ, ಮಕ್ಕಳ ಕಾಗದಪತ್ರಗಳನ್ನೆಲ್ಲ ಮನೆಯ ಸ್ಟೋರೇಜ್ ಸರ್ವರಿನಲ್ಲಿ ಇಟ್ಟವರು ವಾಚಕರಲ್ಲಿ ಕೆಲವರಿದ್ದಾರೆ. ಕರೆಂಟು ಹೋಗಿ ಬಂದ ಮೇಲೆ ಡಿಸ್ಕು ತೆರೆಯದಿದ್ದರೆ ಎದೆಗೆಡಬೇಕಾಗಿಲ್ಲ. ಫೈಲ್‌ಸಿಸ್ಟಮ್ ಎಂಬುದು ಗೋದಾಮಿನ ರಿಜಿಸ್ಟರಿದ್ದಂತೆ. ಪುಟ ಹರಿದರೂ ಸರಕು ಬಹುಮಟ್ಟಿಗೆ ಒಳಗೇ ಇರುತ್ತದೆ.

ಆದರೆ ದುರಸ್ತಿಗೆ ಅವಸರ ಕೂಡದು. ದುರಸ್ತಿಯ ಪ್ರೋಗ್ರಾಮು ರಿಜಿಸ್ಟರನ್ನು ಸರಿಹೊಂದಿಸುತ್ತದೆ, ಸರಕನ್ನು ಕಾಯುವುದಿಲ್ಲ. ಲೆಕ್ಕಕ್ಕೆ ಕೂಡದ್ದನ್ನು ಅಳಿಸಿಯೂ ಬಿಟ್ಟೀತು. ಆದ್ದರಿಂದ ಮೊದಲು ಬೇರೊಂದು ಡಿಸ್ಕಿಗೆ ‘ಡಿಡಿರೆಸ್ಕ್ಯೂ’ ಪ್ರೋಗ್ರಾಮಿನಿಂದ ಇಡೀ ನಕಲು ತೆಗೆಯಬೇಕು. ಹೊಸ ಡಿಸ್ಕಿನ ಖರ್ಚು ನಮ್ಮಂಥವರಿಗೆ ಭಾರವೇ ಸರಿ; ಆದರೂ ಇಲ್ಲಿ ಉಳಿತಾಯ ನೋಡಬಾರದು. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಅದು ಯಂತ್ರದ ರೋಗ, ಒಡನೆ ಆರಿಸಿ ತಿಳಿದವರಿಗೆ ಒಪ್ಪಿಸತಕ್ಕದ್ದು.

ಲಿನಕ್ಸಿನ ಎಕ್ಸ್‌ಟ್4 ಆಗಿದ್ದರೆ, ನಕಲನ್ನು ಮೌಂಟ್ ಮಾಡದೆ ‘ಇ2ಎಫ್‌ಎಸ್‌ಸಿಕೆ -ಎನ್’ ಓಡಿಸಬೇಕು. ಅದು ತಪ್ಪುಗಳನ್ನು ತೋರಿಸುತ್ತದೆ, ತಿದ್ದುವುದಿಲ್ಲ. ‘-ಎನ್’ ಬಿಟ್ಟು ಓಡಿಸಿದರೆ ಕೇಳಿ ಕೇಳಿ ತಿದ್ದುತ್ತದೆ. ರಿಜಿಸ್ಟರಿನ ಮೊದಲ ಪುಟವಾದ ಸೂಪರ್‌ಬ್ಲಾಕೇ ಕೆಟ್ಟಿದ್ದರೆ ಅದರ ಪ್ರತಿಗಳು ಡಿಸ್ಕಿನಲ್ಲಿಯೇ ಇರುತ್ತವೆ. 4 ಕಿಲೋಬೈಟಿನ ಬ್ಲಾಕುಗಳಿದ್ದರೆ ಮೊದಲನೆಯದು ಸಾಮಾನ್ಯವಾಗಿ 32768ನೆಯ ಬ್ಲಾಕಿನಲ್ಲಿ. ಹೆಸರು ಕಳೆದುಕೊಂಡ ಫೈಲುಗಳು ‘ಲಾಸ್ಟ್+ಫೌಂಡ್’ನಲ್ಲಿ ಬರಿಯ ಅಂಕಿಗಳಾಗಿ ಸಿಗುತ್ತವೆ, ಒಂದೊಂದಾಗಿ ತೆರೆದು ಗುರುತಿಸುವುದೇ ಬೇಸರದ ಕೆಲಸ.

ಎರಡು ಡಿಸ್ಕುಗಳ ಮಿರರ್ ಇದ್ದವರೂ ನಿಶ್ಚಿಂತರಾಗಿರಬಾರದು: ಅದರಲ್ಲಿ ತಪ್ಪು ಬರಹವೂ ಎರಡೂ ಕಡೆ ಬೀಳುತ್ತದೆ.