ಎದುರಾಳಿಯ ಪಾಸಿಗೆ ಕೈ ಹಾಕುವವರು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸಿವ್ ಬ್ಯಾಕ್‌ಗಳನ್ನು ಕೆಣಕಲು ಹಳೆಯ ಮಾತೊಂದಿದೆ: ಚೆಂಡು ಹಿಡಿಯಲು ಬರುತ್ತಿದ್ದರೆ ಇವರೆಲ್ಲ ರಿಸೀವರ್‌ಗಳೇ ಆಗಿರುತ್ತಿದ್ದರು! ಹೆಸರಿಗಷ್ಟೇ ಫುಟ್‌ಬಾಲ್ ಆಗಿರುವ ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಎಸೆಯುತ್ತಾನೆ, ಮುಂದೋಡಿದ ರಿಸೀವರ್ ಅದನ್ನು ಹಿಡಿಯಬೇಕು. ಆ ರಿಸೀವರ್‌ಗೆ ಅಂಟಿಕೊಂಡೇ ಓಡುವವನು ಕಾರ್ನರ್‌ಬ್ಯಾಕ್. ಎಲ್ಲರಿಗಿಂತ ಹಿಂದೆ ನಿಂತು ಅಂಗಳವನ್ನೆಲ್ಲ ಕಾಯುವವನು ಸೇಫ್ಟಿ. ಡಿಫೆನ್ಸಿವ್ ಬ್ಯಾಕ್ ಎಂದರೆ ಇವರೇ. ಪಾಸ್ ಕೆಡಿಸಿದರೂ ಸಾಕು, ಕೆಲಸ ಆದಂತೆ. ನಡುವೆಯೇ ಕಸಿದುಕೊಂಡರೆ ಅದು ಇಂಟರ್‌ಸೆಪ್ಷನ್, ದಾಳಿಯ ಸರದಿಯೇ ಇವರ ತಂಡಕ್ಕೆ ಬಂದುಬಿಡುತ್ತದೆ.

ಟಿವಿಯಲ್ಲಿ ನೋಡುವವರಿಗೆ ಇದು ಅದೃಷ್ಟದಂತೆ ಕಾಣುತ್ತದೆ. ತರಬೇತಿ ನೋಡಿದರೆ ಹಾಗೆನಿಸುವುದಿಲ್ಲ. ಅದು ಶುರುವಾಗುವುದು ಕಾಲಿನಿಂದ. ಕ್ರಿಕೆಟ್‌ನಲ್ಲಿ ಸ್ಲಿಪ್‌ನಲ್ಲಿ ನಿಂತ ರಾಹುಲ್ ದ್ರಾವಿಡ್‌ಗೆ ಚೆಂಡು ಬರುವ ದಿಕ್ಕಾದರೂ ಗೊತ್ತಿರುತ್ತಿತ್ತು. ಡಿಫೆನ್ಸಿವ್ ಬ್ಯಾಕ್ ಮೊಣಕಾಲು ಬಾಗಿಸಿ, ಮೈಭಾರವನ್ನು ಮುಂಗಾಲಿನ ಮೇಲಿಟ್ಟು, ಹಿಮ್ಮುಖವಾಗಿ ಓಡುತ್ತಿರುತ್ತಾನೆ. ರಿಸೀವರ್ ಎಲ್ಲಿ ತಿರುಗುತ್ತಾನೋ ಅವನಿಗೇ ಗೊತ್ತು. ಕೋಚ್ ಕೈ ಬೀಸಿದ ಕೂಡಲೇ ಹಿಂದಡಿ ನಿಲ್ಲಿಸಿ, ಪಾದ ಊರಿ, ಮುಂದಕ್ಕೆ ನುಗ್ಗಬೇಕು. ತಿರುಗುವಾಗ ಒಂದು ಹೆಜ್ಜೆ ಹೆಚ್ಚಾದರೂ ಚೆಂಡು ರಿಸೀವರ್‌ನ ಪಾಲು. ಹುಡುಗರು ಇದನ್ನೇ ಬೇಸರ ಬರುವಷ್ಟು ಮಾಡುತ್ತಾರೆ.

ಆಮೇಲೆ ಕಣ್ಣು. ಒಬ್ಬೊಬ್ಬ ರಿಸೀವರ್‌ನನ್ನು ಒಬ್ಬೊಬ್ಬರು ಕಾಯುವಾಗ ನೋಟ ಅವನ ಸೊಂಟದ ಮೇಲಿರಬೇಕು. ತಲೆ, ಭುಜ ಆಡಿಸಿ ಮೋಸ ಮಾಡಬಹುದು; ಸೊಂಟ ತಿರುಗಿದತ್ತಲೇ ಮನುಷ್ಯ ಹೋಗಬೇಕು. ಅಂಗಳವನ್ನು ಪಾಲು ಮಾಡಿಕೊಂಡು ಕಾಯುವಾಗ ನೋಟ ಕ್ವಾರ್ಟರ್‌ಬ್ಯಾಕ್‌ನ ಮೇಲೆ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದವನು ಒಂದು ಕೈ ಬಿಟ್ಟನೆಂದರೆ ಎಸೆತ ಬಂತೆಂದೇ ಅರ್ಥ. ಚೆಂಡು ಹಾರುವ ಮೊದಲೇ ಇವನು ಹೊರಟಿರಬೇಕು. ಬಾಲ್ಟಿಮೋರ್ ರೇವನ್ಸ್ ತಂಡದ ಎಡ್ ರೀಡ್ ಇದರ ಮಹಾ ಚತುರ. ಎದುರಾಳಿಗಳ ಹಳೆಯ ಪಂದ್ಯಗಳನ್ನು ತಾಸುಗಟ್ಟಲೆ ನೋಡಿ, ಅಂಗಳದಲ್ಲಿ ಬೇಕೆಂದೇ ದೂರ ನಿಂತು, ಕ್ವಾರ್ಟರ್‌ಬ್ಯಾಕ್‌ಗೆ ಆಸೆ ಹುಟ್ಟಿಸಿ ಎಸೆಯುವಂತೆ ಮಾಡುತ್ತಿದ್ದರು. 2008ರಲ್ಲಿ ಕಸಿದ ಒಂದು ಚೆಂಡನ್ನು 107 ಗಜ ಓಡಿಸಿ ಎದುರಾಳಿಯ ಗೋಲ್ ಗೆರೆ ದಾಟಿಸಿದರು.

ಕೈಯ ಸರದಿ ಕೊನೆಗೆ. ಯಂತ್ರದಿಂದ ಚಿಮ್ಮುವ ಚೆಂಡುಗಳನ್ನು ಸಾಲಾಗಿ ಹಿಡಿಯುವುದು, ಮುಂದಿನವನು ತಟ್ಟಿ ದಾರಿ ತಪ್ಪಿಸಿದ ಚೆಂಡನ್ನು ಹಿಂದಿನವನು ಹಿಡಿಯುವುದು, ಜಿಗಿದು ಎತ್ತರದಲ್ಲೇ ದಕ್ಕಿಸಿಕೊಳ್ಳುವುದು. ಚೆಂಡು ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಕೂಡಿರಬೇಕು, ಸೊಂಟದ ಕೆಳಗಾದರೆ ಕಿರುಬೆರಳುಗಳು. ಇಷ್ಟಾಗಿಯೂ ಜಾರುತ್ತದೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ, 2008ರಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಅಸಾಂಟೆ ಸ್ಯಾಮುಯೆಲ್ ಜಿಗಿದು ಚಾಚಿದ ಕೈಗೆ ಸಿಕ್ಕ ಚೆಂಡು ತಪ್ಪಿಹೋಯಿತು. 2006ರ ಋತುವಿನಲ್ಲಿ 10 ಪಾಸ್ ಕಸಿದಿದ್ದ ಕೈಗಳವು! ಈ ಸೂಪರ್ ಬೌಲ್‌ವರೆಗೆ ಋತುವಿಡೀ ಒಂದೂ ಪಂದ್ಯ ಸೋಲದಿದ್ದ ತಂಡ ನ್ಯೂಯಾರ್ಕ್ ಜೈಂಟ್ಸ್‌ಗೆ 17–14ರಿಂದ ಸೋತಿತು.

ಅದೇ ಪೇಟ್ರಿಯಟ್ಸ್‌ಗೆ ಏಳು ವರ್ಷಗಳ ಬಳಿಕ ಬೇರೆಯೇ ಅನುಭವ. ಮಾಲ್ಕಮ್ ಬಟ್ಲರ್, ವೆಸ್ಟ್ ಅಲಬಾಮಾ ಎಂಬ ಸಣ್ಣ ವಿಶ್ವವಿದ್ಯಾಲಯದ ಹುಡುಗ. ಆಟಗಾರರ ಆಯ್ಕೆಯಲ್ಲಿ ಯಾವ ತಂಡವೂ ಆತನ ಹೆಸರು ಕೂಗಿರಲಿಲ್ಲ. 2015ರ ಸೂಪರ್ ಬೌಲ್‌ಗೆ ಮುಂಚಿನ ಅಭ್ಯಾಸದಲ್ಲಿ ಸಿಯಾಟಲ್ ಸೀಹಾಕ್ಸ್ ಆಡಬಹುದಾದ ತಂತ್ರವೊಂದನ್ನು ಪ್ರಯೋಗಿಸಿದಾಗ ಬಟ್ಲರ್ ಅಡ್ಡ ಬಂದವನನ್ನು ಸುತ್ತಿಕೊಂಡು ಹೋಗಿ ತಡವಾದ, ಚೆಂಡು ರಿಸೀವರ್‌ಗೆ ದಕ್ಕಿತು. ನೀನು ಅಲ್ಲಿರಬೇಕಿತ್ತು ಎಂದು ಕೋಚ್ ಬಿಲ್ ಬೆಲಿಚಿಕ್ ಎಚ್ಚರಿಸಿದರು. ಪಂದ್ಯದ ಕೊನೆಯ ಅರ್ಧ ನಿಮಿಷ, ಗೆರೆಗೆ ಒಂದೇ ಗಜ, ಸಿಯಾಟಲ್ ಅದೇ ತಂತ್ರಕ್ಕೆ ಕೈ ಹಾಕಿತು. ಜೊತೆಗಾರ ಬ್ರ್ಯಾಂಡನ್ ಬ್ರೌನರ್ ತನ್ನ ಎದುರಿನವನನ್ನು ಇದ್ದಲ್ಲೇ ತಡೆದ; ಬಟ್ಲರ್ ಈ ಬಾರಿ ನೇರ ನುಗ್ಗಿ ರಿಸೀವರ್‌ಗಿಂತ ಮೊದಲು ಚೆಂಡು ತಲುಪಿದ. ಎನ್‌ಎಫ್‌ಎಲ್‌ನಲ್ಲಿ ಅದು ಅವನ ಮೊದಲ ಇಂಟರ್‌ಸೆಪ್ಷನ್. ಪೇಟ್ರಿಯಟ್ಸ್ 28–24ರಿಂದ ಗೆದ್ದಿತು.

ಹಿಡಿಯಲು ಬರದವರು ಎಂಬ ಗೇಲಿಗೆ ದಾಖಲೆಯಲ್ಲೇ ಉತ್ತರವಿದೆ. ಡಿಕ್ 'ನೈಟ್ ಟ್ರೇನ್' ಲೇನ್ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡಕ್ಕೆ ರಿಸೀವರ್ ಆಗಲೆಂದೇ ಬಂದವರು. ಅಲ್ಲಿ ಜಾಗವಿರಲಿಲ್ಲ, ರಕ್ಷಣೆಗೆ ಹಾಕಿದರು. 1952ರಲ್ಲಿ, ತಮ್ಮ ಮೊದಲ ಋತುವಿನ 12 ಪಂದ್ಯಗಳಲ್ಲಿ 14 ಪಾಸ್ ಕಸಿದರು. ಈಗ ಋತುವಿಗೆ 17 ಪಂದ್ಯಗಳಿದ್ದರೂ ಆ ಸಂಖ್ಯೆಯನ್ನು ಯಾರೂ ಮುಟ್ಟಿಲ್ಲ. ಕಾಲೇಜಿಗೆ ರಿಸೀವರ್ ಆಗಿ ಬಂದಿದ್ದ, ಆಗ ಡಲ್ಲಾಸ್ ತಂಡದಲ್ಲಿದ್ದ ಟ್ರೆವನ್ ಡಿಗ್ಸ್ 2021ರಲ್ಲಿ 11ಕ್ಕೆ ಹೋದರು, ನಿಜ. ಆದರೆ ಹಾಗೆ ಮುನ್ನುಗ್ಗಿ ಜೂಜಾಡುವವನು ತಪ್ಪಿದರೆ ಹಿಂದೆ ಬಯಲು ಖಾಲಿ. ಕೋಚ್‌ಗಳಿಗೆ ನಿದ್ದೆಗೆಡಿಸುವುದು ಅದೇ.

ಅವರು ಕಲಿಸಲು ಹೆಣಗುವ ಇನ್ನೊಂದು ಪಾಠ ವಿಚಿತ್ರವಾದದ್ದು: ಕೆಲವೊಮ್ಮೆ ಹಿಡಿಯಲೇಬಾರದು. ಹತ್ತು ಗಜ ಸಾಗಲು ದಾಳಿಯ ತಂಡಕ್ಕೆ ನಾಲ್ಕು ಅವಕಾಶ. ನಾಲ್ಕನೆಯದೂ ಕೆಟ್ಟರೆ ಚೆಂಡು ಹೊರಟ ಜಾಗದಲ್ಲೇ ಎದುರಾಳಿಗೆ ಸಿಗುತ್ತದೆ. ಆಗ ದೂರ ಎಸೆದ ಪಾಸನ್ನು ಹಿಂದೆಲ್ಲೋ ಹಿಡಿದು ಅಲ್ಲೇ ಬಿದ್ದರೆ ತಂಡಕ್ಕೆ ಮೂವತ್ತು ನಲವತ್ತು ಗಜ ನಷ್ಟ. ಕೆಳಕ್ಕೆ ಬಡಿದುಬಿಡಬೇಕು. ಎಲ್ಲರಿಗೂ ಗೊತ್ತಿರುವ ಲೆಕ್ಕವೇ ಇದು, ಆದರೂ ಎದೆಮಟ್ಟಕ್ಕೆ ಚೆಂಡು ಬಂದಾಗ ನುರಿತವರೂ ಹಿಡಿದುಬಿಡುತ್ತಾರೆ, ಅಂಚಿನಲ್ಲಿ ನಿಂತ ಕೋಚ್ ತಲೆ ಚಚ್ಚಿಕೊಳ್ಳುತ್ತಾರೆ.