ಕುಮ್ರಾನಿನ ಗುಹೆಗಳು ಬಾಯಿಬಿಟ್ಟಾಗ

ಹದಿನೇಳು ಚರ್ಮದ ಹಾಳೆಗಳನ್ನು ಒಂದಕ್ಕೊಂದು ಹೊಲಿದು ಮಾಡಿದ ಸುರುಳಿ. ಬಿಚ್ಚಿ ಹಾಸಿದರೆ ಏಳು ಮೀಟರಿಗೂ ಉದ್ದ. ಅದರ ಮೇಲೆ 54 ಅಂಕಣಗಳಲ್ಲಿ ಪ್ರವಾದಿ ಯೆಶಾಯನ ಗ್ರಂಥ, ಮೊದಲಿಂದ ಕೊನೆಯವರೆಗೆ! ಬರೆದದ್ದು ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯ ಹೊತ್ತಿಗೆ. ನಜರೇತಿನ ಸಭಾಮಂದಿರದಲ್ಲಿ ಯೇಸು ಎದ್ದು ನಿಂತು ಯೆಶಾಯನ ಸುರುಳಿಯನ್ನು ಬಿಚ್ಚಿ ಓದಿದರು ಎಂದು ಲೂಕನ ಸುವಾರ್ತೆ ಹೇಳುತ್ತದಲ್ಲ, ಆ ದಿನಕ್ಕಾಗಲೇ ಈ ಸುರುಳಿಗೆ ನೂರು ವರ್ಷ ದಾಟಿತ್ತು. ಅವರ ಕೈಯಲ್ಲಿದ್ದದ್ದೂ ಇಂಥದೇ ಒಂದು. ಇವತ್ತು ನಾವು ಈ ಸುರುಳಿಯನ್ನು ಕಣ್ಣಾರೆ ನೋಡಬಹುದು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎಪ್ಪತ್ತೆಂಬತ್ತು ವರ್ಷಗಳ ಹಿಂದೆ ಯಾರಿಗೂ ಈ ಭಾಗ್ಯವಿರಲಿಲ್ಲ. ಹೀಬ್ರೂ ಬೈಬಲಿನ ಪೂರ್ಣ ಹಸ್ತಪ್ರತಿ ಎಂದು ವಿದ್ವಾಂಸರು ಆಧರಿಸಿದ್ದು ಕ್ರಿಸ್ತಶಕ 1008ರದ್ದನ್ನು. ಅದಕ್ಕೂ ಹಿಂದಿನ ಸಾವಿರ ವರ್ಷ ಬಹುಮಟ್ಟಿಗೆ ಕತ್ತಲು. ಆ ಕತ್ತಲು ಹರಿದದ್ದು 1947ರ ಸುಮಾರಿಗೆ. ಸಮುದ್ರಮಟ್ಟಕ್ಕಿಂತ ನಾನೂರು ಮೀಟರ್ ಕೆಳಗೆ, ಮಳೆಯೇ ಅಪರೂಪವಾದ ಮೃತ ಸಮುದ್ರದ ದಂಡೆಯ ಕುಮ್ರಾನಿನಲ್ಲಿ ತಅಮಿರೆ ಬುಡಕಟ್ಟಿನ ಬೆದೂಯಿನ್ ಕುರಿಗಾಹಿಗಳು ಅಲೆಯುತ್ತಿದ್ದರು. ಮಹಮ್ಮದ್ ಎದ್-ದೀಬ್ ಎಂಬ ಹುಡುಗ ಬಂಡೆಯ ಬಿರುಕಿನೊಳಗೆ ಕಲ್ಲೆಸೆದ. ಒಳಗೆ ಮಡಕೆ ಒಡೆದ ಸದ್ದು! ಬಿರುಕಿನೊಳಗಿನ ಆ ಗುಹೆಯಿಂದ ಹೊರಬಂದವು, ಯೆಶಾಯನ ಆ ಸುರುಳಿಯೂ ಸೇರಿ, ಏಳು ಸುರುಳಿಗಳು.

ಮುಂದಿನ ಕಥೆ ಇನ್ನೂ ರೋಚಕ. ನಾಲ್ಕು ಸುರುಳಿಗಳು ಬೆತ್ಲೆಹೇಮಿನ ವ್ಯಾಪಾರಿಯ ಮೂಲಕ ಸಿರಿಯನ್ ಆರ್ಥೊಡಾಕ್ಸ್ ಧರ್ಮಾಧ್ಯಕ್ಷ ಮಾರ್ ಸ್ಯಾಮ್ಯುಯೆಲ್ ಅವರ ಕೈಸೇರಿದವು, ಕೇವಲ 24 ಪೌಂಡಿಗೆ. ಉಳಿದ ಮೂರನ್ನು ಹೀಬ್ರೂ ವಿಶ್ವವಿದ್ಯಾಲಯದ ಎಲಿಯೇಜರ್ ಸುಕೆನಿಕ್ ಕೊಂಡರು. ಅವರು ಮೊದಲ ಸುರುಳಿಗಳನ್ನು ಕೊಂಡ 1947ರ ನವೆಂಬರ್ 29ರಂದೇ ಪ್ಯಾಲೆಸ್ತೀನಿನ ವಿಭಜನೆಗೆ ವಿಶ್ವಸಂಸ್ಥೆ ಮತ ಹಾಕಿತು. ಯುದ್ಧ ಬಂತು, ಸುರುಳಿಗಳು ಚದುರಿದವು. 1954ರ ಜೂನ್ 1ರಂದು ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಸಣ್ಣದೊಂದು ಜಾಹೀರಾತು: ಮೃತ ಸಮುದ್ರದ ನಾಲ್ಕು ಸುರುಳಿಗಳು ಮಾರಾಟಕ್ಕಿವೆ! ಹೆಸರು ಹೊರಬೀಳದಂತೆ ಮಧ್ಯವರ್ತಿಯ ಮೂಲಕ 2,50,000 ಡಾಲರ್ ಕೊಟ್ಟು ಅವನ್ನು ಬಿಡಿಸಿಕೊಂಡವರು ಯಿಗೇಲ್ ಯಾದಿನ್, ಸುಕೆನಿಕ್ ಅವರ ಮಗ. ಏಳೂ ಒಂದೆಡೆ ಸೇರಿದ್ದನ್ನು ನೋಡಲು ಅಪ್ಪ ಉಳಿದಿರಲಿಲ್ಲ. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

1956ರ ಹೊತ್ತಿಗೆ ಕುಮ್ರಾನಿನ ಸುತ್ತಲಿನ ಹನ್ನೊಂದು ಗುಹೆಗಳು ಒಂಬೈನೂರಕ್ಕೂ ಹೆಚ್ಚು ಹಸ್ತಪ್ರತಿಗಳ ಅವಶೇಷಗಳನ್ನು ಹೊರಹಾಕಿದ್ದವು. ಹೆಚ್ಚಿನವು ಚೂರುಚೂರು, ಕೆಲವು ಉಗುರಿನಷ್ಟೇ ಅಗಲ. ಅಲ್ಲಿದ್ದವರು ಯಾರು? ಫರಿಸಾಯರು, ಸದ್ದುಕಾಯರ ಜೊತೆಗೆ ಇತಿಹಾಸಕಾರ ಜೋಸೆಫಸ್ ಬಣ್ಣಿಸುವ ಎಸ್ಸೀನರೆಂಬ ಯೆಹೂದ್ಯ ಪಂಥದವರು ಎಂಬುದು ಬಹುತೇಕ ವಿದ್ವಾಂಸರ ಎಣಿಕೆ. ಯೆರೂಸಲೇಮಿನ ದೇವಾಲಯದ ಯಾಜಕರು ಕೆಟ್ಟುಹೋದರೆಂದು ಮುನಿದು ಬೇರೆಯಾದ ಜನ. ಆಸ್ತಿ ಎಲ್ಲರದೂ ಒಂದೇ. ನೀರಿನಲ್ಲಿ ಮುಳುಗಿ ಶುದ್ಧರಾಗುವುದು, ಯಾಜಕರು ರೊಟ್ಟಿಗೂ ದ್ರಾಕ್ಷಾರಸಕ್ಕೂ ಸ್ತುತಿ ಹೇಳಿದ ಮೇಲೆ ಒಟ್ಟಿಗೆ ಊಟ. ತಾವು ಬೆಳಕಿನ ಮಕ್ಕಳು, ಹೊರಗಿನವರು ಕತ್ತಲೆಯ ಮಕ್ಕಳು. ಮೆಸ್ಸೀಯ ಬರುತ್ತಾನೆ ಎಂಬ ಕಾತರ ಬೇರೆ, ಅದೂ ಒಬ್ಬನಲ್ಲ: ಯಾಜಕ ವಂಶದವನೊಬ್ಬ, ಇಸ್ರಾಯೇಲಿನ ರಾಜನೊಬ್ಬ! ಅಡವಿಯಲ್ಲಿ ದೇವರಿಗೆ ದಾರಿ ಸಿದ್ಧಮಾಡಬೇಕೆಂಬ ಯೆಶಾಯನ ಕರೆಯೇ ತಾವು ಮರಳುಗಾಡಿಗೆ ಬಂದದ್ದಕ್ಕೆ ಕಾರಣ ಎಂದು ಅವರ ನಿಯಮಗ್ರಂಥ ಹೇಳುತ್ತದೆ. ಸ್ನಾನಿಕನಾದ ಯೋಹಾನನ ಬಗ್ಗೆ ನಾಲ್ಕೂ ಸುವಾರ್ತೆಗಳು ಎತ್ತಿ ಆಡುವುದು ಅದೇ ಮಾತನ್ನು.

ಇನ್ನೊಬ್ಬ ಪ್ರವಾದಿ ಹಬಕ್ಕೂಕನ ವಿಷಯಕ್ಕೆ ಬನ್ನಿ. ನೀತಿವಂತ ನಂಬಿಕೆಯಿಂದ ಬದುಕುತ್ತಾನೆ ಎಂಬ ಆ ಪ್ರವಾದಿಯ ಮಾತನ್ನು ಪೌಲನು ರೋಮಿನವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಕ್ರಿಸ್ತನ ಮೇಲಿನ ನಂಬಿಕೆಗೆ ಅಡಿಗಲ್ಲಾಗಿ ಇಟ್ಟ. ಮೊದಲ ಗುಹೆಯಲ್ಲೇ ಸಿಕ್ಕ ಹಬಕ್ಕೂಕನ ವ್ಯಾಖ್ಯಾನವೂ ಅದೇ ಸಾಲಿನ ಮುಂದೆ ನಿಲ್ಲುತ್ತದೆ. ನಿಂತು ಏನು ಹೇಳುತ್ತದೆ? ಧರ್ಮಶಾಸ್ತ್ರವನ್ನು ಪಾಲಿಸುವವರು ಪಡುವ ಪಾಡಿಗಾಗಿ, ನೀತಿಯ ಗುರುವಿನ ಮೇಲೆ ಅವರಿಟ್ಟ ನಂಬಿಕೆಗಾಗಿ ದೇವರು ಅವರನ್ನು ಉಳಿಸುತ್ತಾನೆ ಎನ್ನುತ್ತದೆ. ನೀತಿಯ ಗುರು ಅವರ ಪಂಥದ ನಾಯಕ. ಹೆಸರು ಎಲ್ಲೂ ಇಲ್ಲ. ಪೌಲನಿಗಿಂತ ಮೊದಲೇ ಯೆಹೂದ್ಯರು ಅದೇ ವಾಕ್ಯವನ್ನು ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆಯಾಗಿ ಓದಿದ್ದರು!

ನಾಲ್ಕನೆಯ ಗುಹೆಯ 521ನೆಯ ಹಸ್ತಪ್ರತಿ ಇನ್ನೂ ಬೆರಗಿನದು. ಬರಬೇಕಾದವನು ನೀನೋ ಎಂದು ಸೆರೆಯಿಂದ ಯೋಹಾನ ಕೇಳಿ ಕಳಿಸಿದಾಗ ಯೇಸು ಕೊಟ್ಟ ಉತ್ತರ ನೆನಪಿದೆಯೇ? ಕುರುಡರಿಗೆ ಕಣ್ಣು ಬರುತ್ತದೆ, ಸತ್ತವರು ಏಳುತ್ತಾರೆ, ಬಡವರಿಗೆ ಶುಭವಾರ್ತೆ ಸಿಗುತ್ತದೆ. ಯೆಶಾಯನ 61ನೆಯ ಅಧ್ಯಾಯದಲ್ಲಿ ಬಡವರಿಗೆ ಶುಭವಾರ್ತೆಯುಂಟು, ಸತ್ತವರ ಸುದ್ದಿಯಿಲ್ಲ. ಆದರೆ ಯೇಸು ಹುಟ್ಟುವ ಮುನ್ನವೇ ನಕಲಾದ ಈ ಹರಿದ ಚರ್ಮದಲ್ಲಿ ದೇವರು ಮಾಡಲಿರುವ ಕೆಲಸಗಳ ಪಟ್ಟಿಯಿದೆ. ಕಣ್ಣು ಕೊಡುವುದು, ಸತ್ತವರನ್ನು ಬದುಕಿಸುವುದು, ಬಡವರಿಗೆ ಶುಭವಾರ್ತೆ, ಮೂರೂ ಅಲ್ಲಿ ಒಟ್ಟಿಗಿವೆ! ಮೆಸ್ಸೀಯನ ಪ್ರಸ್ತಾಪವೂ ಅದೇ ಚೂರಿನಲ್ಲಿದೆ. ಆ ಉತ್ತರ ಯೋಹಾನನ ಕಿವಿಗೆ ಹೇಗೆ ಕೇಳಿಸಿರಬೇಕು!

ಯೇಸುವಿನ ಹೆಸರಾಗಲೀ ಅವರ ಶಿಷ್ಯರ ಹೆಸರಾಗಲೀ ಈ ಸುರುಳಿಗಳಲ್ಲಿ ಒಂದೆಡೆಯೂ ಇಲ್ಲ. ಅವರು ಕುಮ್ರಾನಿನಲ್ಲಿ ಕಲಿತರೆಂಬ ಕಥೆಗಳನ್ನು ನಾನು ನಂಬುವುದಿಲ್ಲ. ನಂಬಬೇಕಾದ ಅಗತ್ಯವೂ ಇಲ್ಲ, ಸುರುಳಿಗಳು ತೋರಿಸುವುದು ಅದಕ್ಕಿಂತ ದೊಡ್ಡದನ್ನು. ಕ್ರೈಸ್ತ ಧರ್ಮದ ಮೊದಲ ಮಾತುಗಳು ಯೆಹೂದ್ಯರ ಮನೆಯೊಳಗಿನ ಮಾತುಕತೆ. ಅಲ್ಲಿ ಒಪ್ಪಿಗೆಯಿತ್ತು, ಕಾವೇರಿದ ಜಗಳವೂ ಇತ್ತು. ಸುವಾರ್ತೆಗಳಷ್ಟನ್ನೇ ಓದುತ್ತಿದ್ದ ನಮಗೆ ಗೋಡೆಯಾಚೆಯ ಜಗಳದಲ್ಲಿ ಒಬ್ಬರ ದನಿ ಮಾತ್ರ ಕೇಳಿಸಿದ ಹಾಗಾಗಿತ್ತು. ಗುಹೆಗಳು ಇನ್ನೊಂದು ದನಿಯನ್ನು ಕೊಟ್ಟವು. ಕುಂಟರು, ಕುರುಡರು ತಮ್ಮ ಸಭೆಯಲ್ಲಿ ಕೂರಬಾರದು, ಅಲ್ಲಿ ದೇವದೂತರಿರುತ್ತಾರೆ ಎಂದು ಕುಮ್ರಾನಿನ ಒಂದು ಕಟ್ಟಳೆ. ಔತಣಕ್ಕೆ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಿರಿ ಎಂದು ಲೂಕನ ಯೇಸು.

ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ವಿಷಯದಲ್ಲಂತೂ ಎರಡು ದನಿಗಳೂ ಎದುರುಬದುರು ನಿಲ್ಲುತ್ತವೆ. ದಮಸ್ಕದ ಗ್ರಂಥ ಎಂಬ ಕಟ್ಟಳೆಗಳ ಪುಸ್ತಕದ ಮಧ್ಯಯುಗದ ಪ್ರತಿಗಳು ಕೈರೋದ ಹಳೆಯ ಸಭಾಮಂದಿರದ ಉಗ್ರಾಣದಲ್ಲಿ ಸಾಲಮನ್ ಶೆಕ್ಟರ್ ಅವರಿಗೆ ಸಿಕ್ಕಿದ್ದವು. 1910ರಲ್ಲಿ ಅವರು ಅಚ್ಚು ಹಾಕಿಸಿದಾಗ ಅದು ಯಾರದೆಂದೇ ತಿಳಿದಿರಲಿಲ್ಲ. ನಾಲ್ಕು ದಶಕಗಳ ನಂತರ ಕುಮ್ರಾನಿನಲ್ಲಿ ಅದೇ ಪುಸ್ತಕದ ಪುರಾತನ ಚೂರುಗಳು! ಸಬ್ಬತ್ ದಿನ ಪ್ರಾಣಿ ಗುಂಡಿಗೆ ಬಿದ್ದರೆ ಎತ್ತಬಾರದು ಎನ್ನುತ್ತದೆ ಆ ಪುಸ್ತಕ. ಮನುಷ್ಯ ನೀರಿಗೆ ಬಿದ್ದರೆ? ಏಣಿ, ಹಗ್ಗ ತರುವಂತಿಲ್ಲ. ನಾಲ್ಕನೆಯ ಗುಹೆಯ ಇನ್ನೊಂದು ಚೂರು ಉಟ್ಟ ಬಟ್ಟೆಯನ್ನು ಅವನತ್ತ ಎಸೆದು ಎಳೆದುಕೊಳ್ಳಲು ಬಿಡುತ್ತದೆ. ಅದನ್ನು ಓದಿದ ಮೇಲೆ ಮತ್ತಾಯನ 12ನೆಯ ಅಧ್ಯಾಯ ತೆರೆಯಿರಿ. ನಿಮ್ಮಲ್ಲಿ ಯಾರ ಕುರಿಯಾದರೂ ಸಬ್ಬತ್ತಿನಲ್ಲಿ ಗುಂಡಿಗೆ ಬಿದ್ದರೆ ಹಿಡಿದೆತ್ತದೆ ಬಿಡುತ್ತೀರಾ ಎಂದು ಯೇಸು ಕೇಳುತ್ತಾರೆ. ಉತ್ತರ ಎಲ್ಲರಿಗೂ ಗೊತ್ತು ಎಂಬ ಧೈರ್ಯದ ಪ್ರಶ್ನೆ ಅದು. ಬಿಡುತ್ತೇವೆ ಎಂದು ಬರೆದಿಟ್ಟವರು ಅದೇ ನಾಡಿನಲ್ಲಿ, ಅದೇ ಕಾಲದಲ್ಲಿ ಬದುಕಿದ್ದರು.